ಒಂದೇ ಬಾವಿಯ ಇಬ್ಬರು ಹೆಂಗಸರು

ಆ ಬೆಳಿಗ್ಗೆಯೂ ಆರು ಗಂಟೆಗೇ ಎದ್ದೆ. ಹಾಲು ಕಾಯಿಸಿದೆ, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಅವರು ಎಲ್ಕ್ ಗ್ರೋವ್‌ನ ಆಫೀಸಿಗೆ ಹೊರಟರು. ಮಗಳ ಕೋಟಿನ ಜಿಪ್ ಮೇಲಕ್ಕೆಳೆದು ಸ್ಕೂಲ್ ಬಸ್ ಹತ್ತಿಸಿದೆ. 2002ರ ಮಾರ್ಚ್ ತಿಂಗಳು, ಹೊರಗೆ ಅಮೆರಿಕದ ಲೆಕ್ಕದಲ್ಲಿ ಇಪ್ಪತ್ತೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ಎದುರು ಮನೆಯ ಮುಂದೆ ಬಾಡಿಗೆ ಟ್ರಕ್ ಆಗಲೇ ಬಂದು ನಿಂತಿತ್ತು. ಒಳಗೆ ಬಂದು ಒಗೆದ ಕಾಲುಚೀಲಗಳನ್ನು ಜೋಡಿ ಮಾಡುತ್ತಾ ಕೂತೆ.

ಎದುರು ಮನೆಯವಳು ಧಾರವಾಡದ ಕಡೆಯ ಮುಸ್ಲಿಂ ಮನೆತನದ ಹೆಣ್ಣುಮಗಳು, ನನಗಿಂತ ಆರು ವರ್ಷ ಚಿಕ್ಕವಳು. ವುಡ್‌ರಿಡ್ಜ್‌ನ ನಮ್ಮ ಬೀದಿಯಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ. ಅವಳ ಗಂಡನಿಗೆ ಡೆಟ್ರಾಯ್ಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಹನ್ನೊಂದಕ್ಕೆ ಹೊರಡುವವರಿದ್ದರು.

ಆ ಚಳಿಗಾಲವೆಲ್ಲ ಮಧ್ಯಾಹ್ನದ ಹೊತ್ತು ನಾನು ಲೈಬ್ರರಿಯಿಂದ ತಂದ ಇಂಗ್ಲಿಷ್ ಕಾದಂಬರಿಯೊಂದನ್ನು ಓದಿ ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಅಷ್ಟಾದರೂ ಉಪಯೋಗ. ನೂರು ವರ್ಷಕ್ಕೂ ಹಿಂದೆ, ಇಲ್ಲಿಂದ ಪಶ್ಚಿಮದ ಹುಲ್ಲುಗಾವಲಿಗೆ ಬಂದಿಳಿದ ಎರಡು ಸಂಸಾರಗಳ ಕಥೆ. ಒಂದು ನಾರ್ವೆಯದು, ಇನ್ನೊಂದು ಜರ್ಮನಿಯದು. ಕಣ್ಣು ಹಾಯುವಷ್ಟು ದೂರ ಹುಲ್ಲು. ಆ ಮನೆಗಳ ಇಬ್ಬರು ಹೆಂಗಸರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ನಡುವೆ ಇರುವುದು ಒಂದೇ ಬಾವಿ. ಹುಲ್ಲನ್ನು ಬೇರುಸಮೇತ ಮಣ್ಣಿನ ಹೆಂಟೆಯಾಗಿ ಕಡಿದು, ಅದರಲ್ಲೇ ಗೋಡೆ ಕಟ್ಟಿಕೊಳ್ಳುತ್ತಾರೆ ಎಂದಾಗ ಅವಳು ನಕ್ಕಿದ್ದಳು.

"ನಮ್ಮ ಅಜ್ಜಿ ಮನಿನೂ ಮಣ್ಣಿಂದ ಐತ್ರಿ ಅಕ್ಕಾರ. ಅದಕ್ಕ ಪುಸ್ತಕ ಬರೀತಾರೇನು?"

ಕೊನೆಯ ಎರಡು ಅಧ್ಯಾಯ ಮಾತ್ರ ನಾನು ಹೇಳಿರಲಿಲ್ಲ. ಓದಿ ಮುಗಿಸಿ ಮೂರು ವಾರವಾಗಿತ್ತು. ಜರ್ಮನಿಯ ಸಂಸಾರ ಗಾಡಿ ಕಟ್ಟಿಕೊಂಡು ಇನ್ನೂ ಪಶ್ಚಿಮಕ್ಕೆ ಹೋಗುತ್ತದೆ. ಪತ್ರ ಬರೆಯೋಣವೆಂದರೆ ಒಬ್ಬಳಿಗೆ ಇನ್ನೊಬ್ಬಳ ಭಾಷೆ ಬಾರದು. ಇಬ್ಬರೂ ಮತ್ತೆ ಭೇಟಿಯಾಗುವುದೇ ಇಲ್ಲ. ಇವತ್ತು ಕೆಲಸವಿದೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿಕೊಂಡೇ ಬಂದಿದ್ದೆ.

ಹತ್ತೂವರೆಗೆ ಅವಳೇ ಬಂದಳು. ಕೈಯಲ್ಲಿ ನನ್ನ ಸ್ಟೀಲ್ ಡಬ್ಬಿ. ಅಡುಗೆ ಸಾಮಾನೆಲ್ಲ ಟ್ರಕ್ಕಿಗೆ ಹೋಗಿದ್ದರೂ, ಖಾಲಿ ಕೊಡಬಾರದೆಂದು ತಳದಲ್ಲಿ ಒಂದು ಹಿಡಿ ಸಕ್ಕರೆ ಹಾಕಿದ್ದಳು.

"ಕಥಿ ಮುಗಿಸ್ರಿ ಅಕ್ಕಾರ. ನಮ್ಮನಿಯವರು ಟ್ರಕ್ ಸ್ಟಾರ್ಟ್ ಮಾಡ್ಯಾರ. ಲಗೂನ ಹೇಳ್ರಿ."

"ಏನಿಲ್ಲ, ಇಬ್ರೂ ಅಲ್ಲೇ ಉಳ್ಕೊಂಡ್ರು. ಮುದುಕೀರಾಗೋವರ್ಗೂ ಅದೇ ಬಾವಿ."

ಅವಳು ನನ್ನ ಮುಖ ನೋಡಿದಳು. "ಒಂದ ಬಾವಿ ನೀರಿಗೆ ಇಬ್ಬರು ಹೆಣ್ಮಕ್ಕಳು ಮುಪ್ಪಿನತನಕ ಜಗಳಾಡದ ಇದ್ರಾ? ಯಾರ ನಂಬ್ತಾರ್ರೀ. ಹೋಗ್ಯಾಳ ಒಬ್ಬಾಕಿ. ಹೌದಿಲ್ಲೋ?"

"ಹ್ಞೂಂ. ಜರ್ಮನಿಯವಳು."

"ತಿರುಗಿ ಬಂದ್ಳೇನು?"

ನಾನು ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಅದು ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದೆ.

"ಅದನ್ನ ಬರೆದಿಲ್ಲ," ಎಂದೆ.

ಹೊರಗೆ ಹಾರ್ನ್ ಕೇಳಿಸಿತು. "ಹಂಗಾರ ನೀವ ಬರ್ರಿ, ಸೂಟಿಯಾಗ," ಎಂದಳು. ಬರುತ್ತೇನೆ ಎಂದೆ. ಹೈವೇಯಲ್ಲಿ ಡ್ರೈವ್ ಮಾಡಲು ನನಗೆ ಬಾರದೆಂದು ಇಬ್ಬರಿಗೂ ಗೊತ್ತಿತ್ತು. ಅವಳ ಎಡಗಿವಿಯ ಓಲೆಯ ತಿರುಪು ಸಡಿಲವಾಗಿತ್ತು, ಬಿಗಿ ಮಾಡಿದೆ. ಅಳು ಬರಲಿಲ್ಲ. ಟ್ರಕ್ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಉಳಿದ ಕಾಲುಚೀಲಗಳನ್ನು ಮಡಚಿಟ್ಟೆ. ಒಂದು ಒಂಟಿಯಾಗಿ ಉಳಿಯಿತು, ಅದನ್ನೂ ಮಡಚಿದೆ.

ಸಂಜೆ ಲೈಬ್ರರಿಗೆ ಪುಸ್ತಕ ಹಿಂತಿರುಗಿಸಿ ಬಂದು, ಕಸದ ಡಬ್ಬವನ್ನು ರಸ್ತೆಯಂಚಿಗೆ ತಳ್ಳುತ್ತಿದ್ದೆ. ಪಕ್ಕದ ಮನೆಯ ಅಮೆರಿಕನ್ ಅಜ್ಜಿ ತನ್ನ ಅಂಚೆ ಪೆಟ್ಟಿಗೆಯಿಂದ ಅಂಗಡಿಯ ರಿಯಾಯಿತಿ ಕೂಪನ್ನುಗಳನ್ನು ತೆಗೆಯುತ್ತಿದ್ದವಳು, ಎದುರು ಮನೆಯವರು ಎಲ್ಲಿಗೆ ಹೋದರು ಎಂದು ಕೇಳಿದಳು. ಡೆಟ್ರಾಯ್ಟ್ ಕಡೆಗೆ ಎಂದೆ.

"ಓ, ಅದು ಹತ್ತಿರವೇ. ಐದು ಗಂಟೆ ದಾರಿ ಅಷ್ಟೆ," ಎಂದಳು ಕೂಪನ್ನುಗಳನ್ನು ತಿರುವಿಹಾಕುತ್ತಲೇ. "ನನ್ನ ತಂಗಿ ಅಲ್ಲೇ ಇರೋದು. ಅವಳನ್ನ ನೋಡಿ ಹನ್ನೊಂದು ವರ್ಷ ಆಯ್ತು."