ಮಬ್ಬು ತುಂಡಿನೊಳಗಿನ ಚೌಕಳಿ

2017. ಇಳಕಲ್ಲಿನ ಕಾಲೇಜೊಂದರಲ್ಲಿ ನಾನು ಭೂವಿಜ್ಞಾನದ ಅಧ್ಯಾಪಕ. ನಿವೃತ್ತಿಗೆ ಎರಡು ವರ್ಷ ಬಾಕಿ. ನಮ್ಮ ಕಪಾಟಿನ ಪ್ರತಿ ಮಾದರಿ ಕಲ್ಲಿಗೂ ಒಂದು ಚೀಟಿ, ಅದರ ಕೊನೆಗೆ 'ಗುರುತಿಸಿದವರು' ಎಂಬ ಸಾಲು. ಇಪ್ಪತ್ತೆಂಟು ವರ್ಷ ಆ ಸಾಲಿನಲ್ಲಿ ನನ್ನ ಹೆಸರಲ್ಲದೆ ಬೇರೆಯದು ಬಿದ್ದಿರಲಿಲ್ಲ.

ಆ ವರ್ಷ ಗಿರಿಜಾ ಬಂದಳು. ನನ್ನ ಕೈಯಲ್ಲೇ ಕಲಿತವಳು, ಈಗ ಸಹೋದ್ಯೋಗಿ.

ಹುನಗುಂದದ ಕಡೆ ಬಾವಿ ತೋಡುವಾಗ ಸಿಕ್ಕ ಕ್ವಾರ್ಟ್ಜ್ ಕಲ್ಲೊಂದನ್ನು ಯಾರೋ ತಂದುಕೊಟ್ಟರು. ಬಿಳಿ ಕಲ್ಲಿನೊಳಗೆ ಲೋಹದ ಹೊಳಪಿನ ಬೂದು ಚುಕ್ಕೆಗಳು. ತರಗತಿಯೆದುರೇ ನಾನು, "ಗೆಲೀನಾ, ಸೀಸದ ಅದಿರು" ಎಂದುಬಿಟ್ಟೆ.

ಗಿರಿಜಾ ಲೆನ್ಸ್ ಹಿಡಿದಳು. "ಗೆಲೀನಾ ಆಗಿದ್ರ ಮೆಟ್ಟಲದಂಗ ಪಾವಟಿಗಿ ಪಾವಟಿಗಿ ಆಗಿ ಒಡೀಬೇಕಲ್ರಿ ಸರ್? ಇದು ಬೆಲ್ಲದ ಪೆಂಟಿ ಒಡದಂಗ ಒಡದೈತಿ."

ಹುಡುಗರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಸುತ್ತಿಗೆಯಿಂದ ಕಲ್ಲನ್ನು ಎರಡು ಮಾಡಿ, ಹೊಳೆಯುವ ದೊಡ್ಡ ತುಂಡನ್ನು ಕಿಸೆಗೆ ಹಾಕಿಕೊಂಡೆ. ಮಬ್ಬಾಗಿದ್ದ ಸಣ್ಣದನ್ನು ಅವಳೆದುರು ತಳ್ಳಿದೆ. "ನೀ ಇದನ್ನ ನೋಡು."

ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಗೆಲೀನಾ ಬೂದು ಗೆರೆ ಬಿಡಬೇಕು. ನನ್ನದು ಕಂದು ಬಿಟ್ಟಿತು. ಅವಳು ಹೇಳಿದ್ದೇ ಖರೆ! ತುಂಡನ್ನು ನಯಗೊಳಿಸಿ ಸೂಕ್ಷ್ಮದರ್ಶಕದಲ್ಲಿಟ್ಟಾಗ ಟೆಟ್ರಾಹೆಡ್ರೈಟ್ ಎಂದು ತಿಳಿಯಿತು. ಇದು ಸಲ್ಫೋಸಾಲ್ಟ್ ಗುಂಪಿನ ಖನಿಜ: ಗಂಧಕ ಮತ್ತು ಲೋಹದ ಜೊತೆ ಆಂಟಿಮನಿಯಂಥದ್ದೂ ಸೇರಿರುತ್ತದೆ. ಅವಳು ಬಾಯಿ ತೆರೆಯುವ ಮೊದಲೇ ಚೀಟಿ ಬರೆದೆ, ನನ್ನ ಹೆಸರು ದಪ್ಪಕ್ಷರದಲ್ಲಿ.

ಮೂರನೆಯ ದಿನ ಅವಳು ಕರೆದಳು. "ಸರ್, ಒಂದೀಟು ಇಲ್ಲಿ ನೋಡ್ರಿ. ನಮ್ಮವ್ವನ ಚೌಕಳಿ ಸೀರಿ ಹಂಗ ಕಾಣಾಕತ್ತೈತಿ. ಬೋರ್ನೊನೈಟ್ ಇರಬೇಕೇನ್ರಿ?"

ಕಣ್ಣಿಟ್ಟೆ. ಧ್ರುವೀಕರಿಸಿದ ಬೆಳಕಿನಲ್ಲಿ ಟೆಟ್ರಾಹೆಡ್ರೈಟ್ ಎತ್ತ ತಿರುಗಿಸಿದರೂ ಕಪ್ಪಾಗಿಯೇ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಖನಿಜ, ಅಚ್ಚುಕಟ್ಟಾದ ಚೌಕಳಿ. ಹೌದು, ಬೋರ್ನೊನೈಟ್! ಅದೇ ಗುಂಪಿನ ಈ ಅಪರೂಪದ ಖನಿಜವನ್ನು ನಾನು ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದೆ. ನನ್ನ ತುಂಡಿನಲ್ಲಿ ಅದರ ಒಂದು ಕಣವೂ ಇರಲಿಲ್ಲ. ಹೊಟ್ಟೆಕಿಚ್ಚಿನಿಂದ ನಾನೇ ಅದನ್ನು ಅವಳ ಕೈಗಿಟ್ಟಿದ್ದೆ. ಪ್ರಯೋಗಾಲಯದ ವರದಿಯೂ ಅವಳ ಮಾತನ್ನೇ ಹೇಳಿತು.

"ಛಲೋ ತುಂಡು ನನಗ ಕೊಟ್ರಿ ಸರ್," ಎಂದಳು. "ಬ್ಯಾರೇದವ್ರು ಕೊಡ್ತಿದ್ದಿಲ್ಲ."

ಹಳೆಯ ಚೀಟಿ ಹರಿದೆ. ಹೊಸದರಲ್ಲಿ ಎರಡೂ ಖನಿಜಗಳ ಹೆಸರು, ಕೆಳಗೆ 'ಗುರುತಿಸಿದವರು: ಗಿರಿಜಾ' ಎಂದು ಬರೆದೆ. ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತ್ತು. ಆಮೇಲೆ ಅದರ ಕೆಳಗೆ 'ಒಡೆದವರು' ಎಂದು ಬರೆದು ನನ್ನ ಹೆಸರು ಹಾಕಿದೆ.

"ಒಡದದ್ದನ್ನೂ ಯಾರರೆ ಬರೀತಾರೇನ್ರಿ?"

"ಯಾಕ ಹಂಗ ಒಡದೆ ಅಂತ ಕೇಳು," ಎಂದು ಎಲ್ಲವನ್ನೂ ಹೇಳಿದೆ.

ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. "ನೀವು ಕಿಸೇದಾಗ ಹಾಕ್ಕೊಂಡಾಗಲೇ ಗೊತ್ತಾತು ಬಿಡ್ರಿ. ನಿಮ್ಮ ಬಾಯಿಲೇ ಬರ್ಲಿ ಅಂತ ಸುಮ್ಮನಿದ್ದೆ."

ಕಲ್ಲನ್ನು ಗುರುತಿಸುವ ಮೊದಲು ಸುತ್ತಿಗೆ ಹಿಡಿದವನು ತನ್ನನ್ನು ಗುರುತಿಸಿಕೊಳ್ಳಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ, ತಡವಾಗಿ. ಆ ಚೀಟಿ ಕಪಾಟಿನಲ್ಲಿ ಇಂದಿಗೂ ಇದೆ. ಹೋದಾಗಲೆಲ್ಲ ಓದುತ್ತೇನೆ. ಮೇಲಿನ ಹೆಸರು ಈಗಲೂ ಸ್ವಲ್ಪ ಚುಚ್ಚುತ್ತದೆ.