ಅಕ್ಕಿ ಮೂಟೆಯ ಹಿಂದಿನ ವೈನು

ಸೊಸೆ ಆಸೆಪಟ್ಟು ತಂದ ವೈನನ್ನು ಅಮ್ಮ ಕೆಡಿಸಿದಳೆಂದು ನನ್ನ ಮಗ ಗಿರೀಶ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಕೆಟ್ಟದ್ದು ಒಂದೇ ಲೋಟ, ಅದು ಅವನದು, ಅದನ್ನು ಮುಂದೆ ಚಾಚಿದವನೂ ಅವನೇ. ನಡೆದದ್ದು ಇಷ್ಟು, ಮಿಕ್ಕದ್ದೆಲ್ಲ ಅವನು ಹಚ್ಚಿದ ಬಣ್ಣ.

ಅಮೆರಿಕದ ಕೆನ್ಮೋರಿನ ನಮ್ಮ ಮನೆಯ ಗರಾಜಿನಲ್ಲಿ, ಅಕ್ಕಿ ಮೂಟೆಯ ಹಿಂದೆ, ಆ ಬಾಟಲಿ ಕೂತಿತ್ತು. ದಿನಾ ಅಕ್ಕಿ ತೆಗೆಯುವವಳು ನಾನು. ನನ್ನ ಕಣ್ಣಿಗೆ ಬೀಳಬಾರದ್ದನ್ನು ಅಲ್ಲೇ ಬಚ್ಚಿಡುವ ಈ ಬುದ್ಧಿವಂತರು ಆಫೀಸಿನಲ್ಲಿ ಏನು ಕೆಲಸ ಮಾಡುತ್ತಾರೋ ದೇವರಿಗೇ ಗೊತ್ತು. ದೊಡ್ಡವರ ಎದುರು ಕುಡಿಯಬಾರದೆಂಬ ಮರ್ಯಾದೆ ನೋಡಿ ಅವರಿಗೆ. ಹಾಗಾಗಿ ಸ್ನೇಹಿತರು ಬರುವ ದಿನ ನನಗೆ ಬೇಗನೆ ತಟ್ಟೆ ಹಾಕಿ, ಟಿವಿ ಹಚ್ಚಿ, "ನೀನು ರೆಸ್ಟ್ ಮಾಡಮ್ಮ" ಎಂದು ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ನಾನೇ ಬೇಯಿಸಿದ ಸಾರನ್ನು ನಾನೊಬ್ಬಳೇ ಗೋಡೆ ನೋಡಿಕೊಂಡು ಉಣ್ಣಬೇಕು, ನಗುವೆಲ್ಲ ಗೋಡೆಯಾಚೆ. ಇಷ್ಟೊಂದು ಮರ್ಯಾದೆ ನಿಮಗೂ ಸಿಕ್ಕಿದ್ದರೆ ನಾನು ಹೇಳುವುದು ಅರ್ಥವಾದೀತು.

ಆ ಶನಿವಾರ ಸೊಸೆ ಶ್ವೇತಾ ಕೈಮಾ ಉಂಡೆ ಸಾರು ಮಾಡಿಸಿದಳು, ಕಾಳುಮೆಣಸು ಮುಂದಾಗಿರಲಿ ಎಂದಳು. ರೆಡ್ಮಂಡಿನಲ್ಲಿ ಮಗನ ಜೊತೆ ಕೆಲಸ ಮಾಡುವ ಮಂಗಳೂರಿನ ಪ್ರಶಾಂತ ಊಟಕ್ಕೆ ಬಂದ. ನಾನು ರೂಮಿಗೆ ಹೋಗಲಿಲ್ಲ. "ಇವತ್ತು ನಾನೂ ಇಲ್ಲೇ ಉಣ್ತೀನಿ" ಎಂದು ಅಡುಗೆಮನೆಯಲ್ಲೇ ನಿಂತೆ. ಮೂವರೂ ಮುಖ ಮುಖ ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಮೂರು ಸ್ಟೀಲ್ ಲೋಟ ಬಂದವು, ಒಳಗೆ ಕಡುಗೆಂಪು.

"ಪುನರ್ಪುಳಿ ಹಣ್ಣಿನ ಜ್ಯೂಸ್ ಆಂಟಿ, ಊರಿಂದ ತಂದದ್ದು" ಎಂದ ಪ್ರಶಾಂತ, ಪಾಪ.

ದೊಡ್ಡಬಳ್ಳಾಪುರದ ದ್ರಾಕ್ಷಿ ಚಪ್ಪರದ ಕೆಳಗೆ ಆಡಿ ಬೆಳೆದ ಮೂಗು ನನ್ನದು. ಆದರೂ ನಂಬಿದೆ. ನಂಬಿ, ಒಲೆಯ ಮೇಲೆ ಸೌಟಿಟ್ಟು ತುಪ್ಪ, ಜೀರಿಗೆ, ಬೆಳ್ಳುಳ್ಳಿ ಕಾಯಿಸಿಕೊಂಡು ಬಂದೆ.

"ಒಗ್ಗರಣೆ ಇಲ್ದೆ ಹಂಗೇ ಕುಡೀತಾರೇನ್ರೋ? ಶೀತ ಆಗಲ್ವಾ?"

ಗಿರೀಶ ಒಂದು ಗಳಿಗೆ ಯೋಚಿಸಿ ಲೋಟ ಚಾಚಿದ. ಚೊಂಯ್ ಎಂದಿತು. ಕುಡಿದ.

"ಹೆಂಗೈತೋ?"

"ಚೆನ್ನಾಗಿದೆ ಅಮ್ಮ" ಎಂದ, ಕಣ್ಣಲ್ಲಿ ನೀರು.

ಸೌಟು ಶ್ವೇತಾಳ ಲೋಟದ ಕಡೆ ತಿರುಗಿತು. ಅವಳು ಎರಡೂ ಅಂಗೈಯಿಂದ ಲೋಟ ಮುಚ್ಚಿಬಿಟ್ಟಳು. "ಬೇಡ ಅತ್ತೆ! ಇದು ವೈನು. ನಾನೇ ತಂದಿದ್ದು. ಬೈಯೋದಾದ್ರೆ ನನ್ನ ಬೈರಿ, ಇದಕ್ಕೆ ಮಾತ್ರ ಜೀರಿಗೆ ಹಾಕ್ಬೇಡಿ."

"ಗೊತ್ತು ಕಣೆ. ಅಕ್ಕಿ ತೆಗಿಯೋಳು ನಾನಲ್ವಾ? ಆ ಕುರ್ಚಿ ಎಳಿ, ನಂಗೂ ಒಂದು ಗುಟುಕು ಹಾಕು."

ಆಮೇಲೆ ಸೊಸೆಯ ಬಾಯಿಗೆ ಬಿಡುವಿರಲಿಲ್ಲ. ಫ್ರಾನ್ಸಿನ ಹಿಮಬೆಟ್ಟಗಳ ಬುಡದಲ್ಲಿ ಬೆಳೆಯುವ ಕಪ್ಪು ದ್ರಾಕ್ಷಿಯಂತೆ, ಮೊಂಡೂಸ್ ಎಂದು ಹೆಸರಂತೆ. ಮೊಂಡು ಹಣ್ಣೇ ಇರಬೇಕು, ಅಷ್ಟು ಚಳಿಯಲ್ಲಿ ಬಳ್ಳಿ ಹಿಡಿದು ನಿಲ್ಲುವುದೆಂದರೆ. ಅದರಲ್ಲೇ ಮೆಣಸಿನ ಘಮ ಇರುವುದರಿಂದ ಸಾರಿಗೂ ಮೆಣಸು ಬೇಕಾಗಿತ್ತಂತೆ. ಅಣಬೆಗೂ ಆಗುತ್ತದಂತೆ, ಆ ಬೆಟ್ಟದವರು ಚೀಸಿನ ಜೊತೆ ಕುಡಿಯುತ್ತಾರಂತೆ. ಒಂದು ಚೂರು ಚೀಸ್ ಕೊಟ್ಟಳು. ಹಾಲಿನ ಪಾತ್ರೆ ತೊಳೆಯಲು ಮರೆತ ವಾಸನೆ, ನನಗೆ ಬೇಡವೆಂದೆ.

ವೈನು ಮಾತ್ರ ಬೇರೆ. ಬರೀ ಗುಟುಕು ನಾಲಿಗೆಯನ್ನು ಕಚ್ಚಿತು, ಹುಳಿ, ಒಗರು, ದ್ರಾಕ್ಷಿ ಬೀಜ ಅಗಿದ ಹಾಗೆ. ಒಂದು ಉಂಡೆ ಮುರಿದು ಸಾರಿನಲ್ಲಿ ಅದ್ದಿ ತಿಂದು ಮತ್ತೆ ಕುಡಿದೆ. ಅದೇ ವೈನು ಮೆತ್ತಗಾಗಿ ಊಟದ ಜೊತೆ ಹೊಂದಿಕೊಂಡು ಕೂತಿತು. ಒಂಟಿಯಾಗಿ ಬಿಟ್ಟರೆ ಕಚ್ಚುತ್ತದೆ, ನಾಲ್ಕು ಜನರ ಪಂಕ್ತಿಯಲ್ಲಿ ಕೂರಿಸಿದರೆ ಒಳ್ಳೆಯದಾಗುತ್ತದೆ. ಇದನ್ನು ತಿಳಿಯಲು ಫ್ರಾನ್ಸಿನವರೆಗೂ ಹೋಗಬೇಕಾಗಿರಲಿಲ್ಲ, ನನ್ನ ರೂಮಿನ ಬಾಗಿಲು ತೆಗೆದಿದ್ದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ಎದ್ದವಳೇ, ಗಿರೀಶ ಅಭ್ಯಾಸಬಲದಿಂದ ಮತ್ತೆ ಗರಾಜಿಗೆ ಸೇರಿಸಿದ್ದ ಅರ್ಧ ಬಾಟಲಿಯನ್ನು ತಂದು ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಭರಣಿಯ ಪಕ್ಕ, ಎಲ್ಲರ ಕಣ್ಣಿಗೂ ಕಾಣುವಂತೆ ಇಟ್ಟೆ. ಅಕ್ಕಿ ಮೂಟೆಯ ಹಿಂದೆ ಜಾಗ ಖಾಲಿಯಾಯಿತಲ್ಲ, ಅಲ್ಲಿ ಎಲೆಯಡಿಕೆಗೆ ಹಾಕಿಕೊಳ್ಳುವ ನನ್ನ ಹೊಗೆಸೊಪ್ಪಿನ ಕಡ್ಡಿಪುಡಿ ಡಬ್ಬಿ ಇಟ್ಟೆ. ಅದನ್ನು ನಾನು ಬಿಟ್ಟು ಬಹಳ ಕಾಲವಾಯಿತೆಂದು ಮಗ ನಂಬಿದ್ದಾನೆ. ಮಕ್ಕಳಿಗೂ ಒಂದಿಷ್ಟು ಮರ್ಯಾದೆ ಕೊಡಬೇಕಲ್ಲ.