ಮಾವನ ದನಿಯಲ್ಲಿ ಬಂದ ಫೋನು

ನಂಬದೆ ಇರಿ ನೋಡೋಣ. ಧೈರ್ಯವಿದ್ದರೆ ಕೊನೆಯವರೆಗೂ ಓದಿ, ಆಮೇಲೆ "ಈ ಮುದುಕ ಬುರುಡೆ ಬಿಡುತ್ತಿದ್ದಾನೆ" ಅನ್ನಿ. ಹಾಗನ್ನುವ ಹಕ್ಕು ನಿಮಗಿದೆ. ನನ್ನನ್ನು ಬಲ್ಲವರು ಓದುವ ಮೊದಲೇ ಅಂದುಬಿಡುತ್ತಾರೆ.

ಅವರ ತಪ್ಪೇನಿಲ್ಲ. ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ನಾನು ಮಾಡದ ಕಿತಾಪತಿ ಇರಲಿಲ್ಲ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅವರ ಹೆಂಡತಿಗೂ ಗೊತ್ತಾಗದ ಹಾಗೆ ಅನುಕರಿಸಿಬಿಡುತ್ತಿದ್ದೆ. ಒಂದು ಭಾನುವಾರ ಸೊಸೈಟಿ ಸೆಕ್ರೆಟರಿಯ ದನಿಯಲ್ಲಿ, ಅವರದೇ ಗಡಸು ಮರಾಠಿಯಲ್ಲಿ, ಮೆಟ್ಟಿಲ ಕೆಳಗೆ ನಿಂತು ನಾಳೆ ನೀರು ಬರುವುದಿಲ್ಲ ಎಂದು ಕೂಗಿದೆ. ಇಡೀ ಬಿಲ್ಡಿಂಗು ಬಕೆಟ್ಟು, ಹಂಡೆ, ಕುಕ್ಕರು, ಕೊನೆಗೆ ಮಕ್ಕಳ ಟಿಫಿನ್ ಡಬ್ಬಿಗಳಲ್ಲೂ ನೀರು ಹಿಡಿದಿಟ್ಟಿತು. ಮೇಲಿನ ಟ್ಯಾಂಕ್ ಬರಿದಾಗಿ ಮಾರನೆಯ ದಿನ ನಿಜವಾಗಿಯೂ ನೀರು ಬರಲಿಲ್ಲ. ಸೆಕ್ರೆಟರಿ ತಾವು ಮೊದಲೇ ಎಚ್ಚರಿಸಿದ್ದಾಗಿ ಎದೆಯುಬ್ಬಿಸಿಕೊಂಡು ಓಡಾಡಿದರು. ನನ್ನ ಕೆಲಸದಲ್ಲಿ ಇಷ್ಟು ಅಚ್ಚುಕಟ್ಟು ಇರುತ್ತಿತ್ತು.

ಇಂಥವನು ದೆವ್ವ, ಶಕುನ, ಕನಸಿನ ಎಚ್ಚರಿಕೆ ಇವನ್ನೆಲ್ಲ ನಂಬುತ್ತಾನೆಯೇ? ಅಂಥ ಕತೆ ಹೇಳುವವರು ಸಿಕ್ಕರೆ ನನಗೆ ಹಬ್ಬ. ಅವರ ಕತೆಯನ್ನೇ ಇನ್ನೂ ಚೆನ್ನಾಗಿ ಕಟ್ಟಿ ಅವರಿಗೇ ವಾಪಸು ಹೇಳಿ ಹೆದರಿಸುತ್ತಿದ್ದೆ. ಇಂದಿಗೂ ನಾನು ನಂಬುವವನಲ್ಲ. ಈ ಒಂದು ಸಂಗತಿಯನ್ನು ಮಾತ್ರ ಯಾವ ಪೆಟ್ಟಿಗೆಯಲ್ಲಿ ಹಾಕಬೇಕೋ ತಿಳಿಯದೆ ಇಷ್ಟು ವರ್ಷ ಕೈಯಲ್ಲೇ ಹಿಡಿದುಕೊಂಡಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಹೆಂಡತಿ ವಿಮಲ ಮೊದಲ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಆದರೆ ಅವಳಿಗೆ ತಾಯಿ ಇರಲಿಲ್ಲ, ಹಾಗಾಗಿ ಮುಂಬಯಿಯಲ್ಲೇ ಉಳಿದಳು. ದಿನಗಳು ಹತ್ತಿರವಾದಾಗ ನಮ್ಮ ಗಲ್ಲಿಯ ನರ್ಸಿಂಗ್ ಹೋಮಿನ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಮಗು ಉಲ್ಟಾ ಇದೆ ಅಂದರು. ತಲೆ ಮೇಲೆ, ಕಾಲು ಕೆಳಗೆ. ಇನ್ನೂ ತಿರುಗಬಹುದು, ನೋಡೋಣ ಅಂದರು.

ನೋಡಿದೆವು. ವಿಮಲ ಸೊಂಟದ ಕೆಳಗೆ ದಿಂಬುಗಳನ್ನು ಪೇರಿಸಿಕೊಂಡು ಗಂಟೆಗಟ್ಟಲೆ ಮಲಗಿದಳು. ಸದ್ದಿನ ಕಡೆಗೆ ಮಗು ತಲೆ ತಿರುಗಿಸುತ್ತದೆ ಎಂದು ಯಾರೋ ಹೇಳಿದರೆಂದು ನಾನು ಟ್ರಾನ್ಸಿಸ್ಟರ್ ತಂದು ಅವಳ ಹೊಟ್ಟೆಯ ಕೆಳಬದಿಗೆ ಹಿಡಿದೆ. ಅದಕ್ಕೂ ಬಗ್ಗದಿದ್ದಾಗ ಸೆಕ್ರೆಟರಿಯ ದನಿಯಲ್ಲಿ, ನೀರು ನಿಲ್ಲುತ್ತದೆ, ಎಲ್ಲರೂ ಕೆಳಗೆ ಬನ್ನಿ ಎಂದು ಹೊಟ್ಟೆಗೇ ಕೂಗಿದೆ. ವಿಮಲ ನಗುತ್ತ ನಗುತ್ತ ಅಳತೊಡಗಿದಳು. ಆಮೇಲೆ ಆ ಆಟ ಆಡಲಿಲ್ಲ.

ಡಾಕ್ಟರಮ್ಮ ಒಂದು ಸಲ ಹೊರಗಿನಿಂದಲೇ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸಲು ನೋಡಿದರು. ಅರ್ಧಕ್ಕೆ ಬಂದದ್ದು ಮತ್ತೆ ಜಾರಿ ಮೊದಲಿನಂತೆ ಕೂತಿತು. ಎದೆಬಡಿತ ಕೇಳಿ ನೋಡಿದವರೇ ಕೈ ತೆಗೆದುಬಿಟ್ಟರು. ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಕಾಯುವುದು ಬೇಡ, ಶುಕ್ರವಾರ ಆಪರೇಷನ್ ಮಾಡಿ ತೆಗೆಯೋಣ ಅಂದರು. ನೋವು ಬರುವ ಮುಂಚೆಯೇ ಮಾಡಬೇಕು. ತಲೆ ಕೆಳಗಿದ್ದರೆ ಅದೇ ದಾರಿಗೆ ಅಡ್ಡ ಕೂತಿರುತ್ತದೆ, ಕಾಲು ಕೆಳಗಿದ್ದರೆ ಅಡ್ಡ ಏನೂ ಇರುವುದಿಲ್ಲ. ಮನೆಯಲ್ಲಿ ಗರ್ಭದ ನೀರು ಒಡೆದರೆ ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಬರಬಹುದು. ಬಳ್ಳಿ ಒತ್ತಿಹೋದರೆ ಮಗುವಿಗೆ ಉಸಿರಿಲ್ಲ. ಟ್ಯಾಕ್ಸಿ ಹುಡುಕುವಷ್ಟು ಹೊತ್ತೂ ಸಿಗುವುದಿಲ್ಲ. ಹೀಗೆಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು.

ವಿಮಲ ಒಪ್ಪಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅವಳು ಲಂಗ ತೊಡುವ ಹುಡುಗಿಯಾಗಿದ್ದಾಗ ಅವಳ ತಾಯಿಗೆ ಎರಡನೆಯ ಮಗು ಹೀಗೆಯೇ ಕೂತಿತ್ತು. ಊರ ಕಡೆಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಅಂದು ಸಹಿ ಹಾಕಿದವರು ತಾಯಿಯ ಅಣ್ಣ, ಮೇಷ್ಟ್ರು ಸೀತಾರಾಮಯ್ಯ. ಆಮೇಲೆ ವಿಮಲಳನ್ನು ಬೆಳೆಸಿದವರೂ ಆ ಸೋದರಮಾವನೇ.

"ಮಾವ ಹೂಂ ಅಂದ್ರೆ ಮಾಡಿಸ್ಕೋತೀನಿ. ಇಲ್ಲಾಂದ್ರೆ ಈ ಮಂಚ ಬಿಟ್ಟು ಏಳಲ್ಲ ಕಣ್ರೀ," ಅಂದಳು.

ಮಾವನ ಊರಿನಲ್ಲಿ ಫೋನ್ ಇರಲಿಲ್ಲ. ತಂತಿ ಕೊಟ್ಟೆ. ಉತ್ತರ ಬರಲಿಲ್ಲ. ಮಂಗಳವಾರ ಹೋಯಿತು. ಅಂದು ರಾತ್ರಿಯೆಲ್ಲ ಅವಳು ಮಗ್ಗುಲು ಬದಲಿಸಿದಾಗಲೆಲ್ಲ ನಾನು ಎದ್ದು ಕೂರುತ್ತಿದ್ದೆ. ಹಾಸಿಗೆ ಒದ್ದೆಯಾಗಿದೆಯೇ ಎಂದು ಕತ್ತಲಲ್ಲಿ ಕೈಯಾಡಿಸಿ ನೋಡುತ್ತಿದ್ದೆ. ಅವಳಿಗೆ ಮಾತ್ರ ಸೊಳ್ಳೆ ಹೊಡೆಯುತ್ತಿದ್ದೇನೆ ಅಂದೆ.

ಬುಧವಾರ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಲೋಕಲ್‌ನಲ್ಲಿ ನೇತಾಡುತ್ತಿರುವಾಗಲೇ ಉಪಾಯ ಹೊಳೆಯಿತು. ನಿಮಗೂ ಹೊಳೆದಿರಬೇಕು. ಮಾವ ಹೂಂ ಅನ್ನಬೇಕು, ಅಷ್ಟೇ ತಾನೆ?

ಮಾವನ ದನಿ ನನ್ನ ಅಂಗಡಿಯ ಒಳ್ಳೆಯ ಸರಕು. ನಮ್ಮ ಮದುವೆಯ ಬೀಗರೂಟದಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅದೇ ದನಿಯಲ್ಲಿ ಇನ್ನೊಂದು ಸುತ್ತು ಹೋಳಿಗೆ ಹೊರಡಿಸಿದವನು ನಾನು. ಅದಕ್ಕೊಂದು ಅಲಂಕಾರವನ್ನೂ ಸೇರಿಸಿದ್ದೆ: ಪ್ರತಿ ಮಾತಿನ ಕೊನೆಗೆ ನಶ್ಯ ಏರಿಸುವ ಸೊರ್ ಎಂಬ ಸದ್ದು. ಮಾವ ಜನ್ಮದಲ್ಲಿ ನಶ್ಯ ಮುಟ್ಟಿದವರಲ್ಲ. ಅದು ನಾನು ಬೇರೆಯವರಿಂದ ಎತ್ತಿಕೊಂಡು ಅವರ ಮೂಗಿಗೆ ಅಂಟಿಸಿದ್ದು. ಆ ಸದ್ದು ಬಂದಾಗಲೆಲ್ಲ ವಿಮಲ ರೇಗುತ್ತಿದ್ದಳು. ಹಾಗಾಗಿ ಈ ಸಲ ಸೊರ್ ಬೇಡ, ಬರಿಯ ಮಾವ ಸಾಕು ಎಂದು ನಿಶ್ಚಯಿಸಿಕೊಂಡೆ. ಶುಕ್ರವಾರ ಆಪರೇಷನ್ ಮಾಡಿಸ್ಕೊ, ಹೆದರಬೇಡ. ಇಷ್ಟು ಹೇಳಿ ಇಟ್ಟುಬಿಡುವುದು.

ನಮ್ಮ ಬಿಲ್ಡಿಂಗಿಗೆಲ್ಲ ಇದ್ದದ್ದು ಒಂದೇ ಫೋನು, ಮೊದಲ ಮಹಡಿಯ ಗಿರಿಜಕ್ಕನ ಮನೆಯಲ್ಲಿ. ಉಡುಪಿ ಕಡೆಯವರು. ಗಂಡನದು ಮಾಟುಂಗದಲ್ಲಿ ಹೋಟೆಲು. ಯಾರಿಗೆ ಫೋನ್ ಬಂದರೂ ಗಿರಿಜಕ್ಕ ಸೌಟಿನಿಂದ ಬಾಲ್ಕನಿಯ ಗ್ರಿಲ್ ಬಡಿದು ಹೆಸರು ಕೂಗುತ್ತಿದ್ದರು. ವಿಮಲ ಅವರಿಗಿಂತ ಒಂದೇ ಮಹಡಿ ಮೇಲಿದ್ದಳು.

ಊಟದ ಹೊತ್ತಿಗೆ ಫೋರ್ಟ್‌ನ ನಮ್ಮ ಆಫೀಸಿನಲ್ಲಿ ಮ್ಯಾನೇಜರ್ ಹೊರಗೆ ಹೋದರು. ಅವರ ಕ್ಯಾಬಿನ್ನಿಗೆ ನುಗ್ಗಿದೆ. ಪಕ್ಕದ ಟೇಬಲ್ಲಿನ ಧಾರವಾಡದ ಕುಲಕರ್ಣಿಯನ್ನು ಬಾಗಿಲಿಗೆ ಕಾವಲು ನಿಲ್ಲಿಸಿದೆ. ರಿಸೀವರ್ ಎತ್ತಿದರೆ ಫೋನ್ ಸತ್ತಿತ್ತು. ಕೊಂಡಿ ಕುಟ್ಟಿದೆ, ವಯರ್ ಅಲ್ಲಾಡಿಸಿದೆ, ಊದಿದೆ. ಮುಂಬಯಿಯ ಫೋನುಗಳು ಆಗ ಹೇಳದೆ ಕೇಳದೆ ಸಾಯುತ್ತಿದ್ದವು. ಕೊನೆಗೆ ಕುಲಕರ್ಣಿ ಬಾಗಿಲು ತಟ್ಟಿ ತಲೆ ಒಳಗೆ ಹಾಕಿದ.

"ಹತ್ತಿತೇನೋ ಫೋನು?"

"ಸತ್ತುಹೋಗಿದೆ ಕಣೋ."

"ಹಂಗಾರ ಮನೀಗೆ ಹೋಗಪಾ. ನಿನ್ನ ಮುಖ ನೋಡ್ಲಿಕ್ಕೆ ಆಗವಲ್ದು. ಸಾಹೇಬ್ರಿಗೆ ನಾ ಹೇಳ್ತೀನಿ."

ವಿ.ಟಿ. ಸ್ಟೇಷನ್ನಿನಲ್ಲಿ ಸಿಕ್ಕ ಗಾಡಿ ಹತ್ತಿದೆ. ಅದು ಭಾಯಖಳಾ ದಾಟಿ ಯಾವ ಸ್ಟೇಷನ್ನೂ ಅಲ್ಲದ ಕಡೆ ನಿಂತಿತು. ಫ್ಯಾನು ನಿಂತಿತು. ಜನ ಬೆವರುತ್ತ ರೈಲ್ವೆಯನ್ನು ಬೈಯತೊಡಗಿದರು. ಅಂಥ ಹೊತ್ತಿನಲ್ಲಿ ಮೋಟರ್‌ಮನ್ನನ ದನಿಯನ್ನೋ ಟಿ.ಸಿ.ಯ ದನಿಯನ್ನೋ ತೆಗೆದು ಡಬ್ಬಿಯನ್ನೆಲ್ಲ ನಗಿಸುತ್ತಿದ್ದ ನಾನು ಬಾಗಿಲ ಕಂಬವನ್ನು ಹಿಡಿದುಕೊಂಡು ಹಳಿಯನ್ನೇ ನೋಡುತ್ತಿದ್ದೆ. ಇಳಿದು ಓಡಲೇ ಎಂದು ಕೂಡ ಯೋಚಿಸಿದೆ. ಮನೆಯಲ್ಲಿ ಈಗ ನೀರು ಒಡೆದಿದ್ದರೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಮನೆಗೆ ಬೀಗ. ಗಿರಿಜಕ್ಕನ ಮನೆಗೂ ಬೀಗ. ಕೆಳಗೆ ಇಸ್ತ್ರಿಯವನು ನನ್ನನ್ನು ಕಂಡು, ಭಾಭೀಜಿಯನ್ನು ಆಗಲೇ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು ಅಂದ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದೆ. ಯಾಕೆ ಕೈಯಲ್ಲಿ ಹಿಡಿದೆನೋ ಗೊತ್ತಿಲ್ಲ, ಕಿತ್ತೇನೂ ಇರಲಿಲ್ಲ.

ಗಿರಿಜಕ್ಕ ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಇನ್ನೂ ಕೈಯಲ್ಲಿ ಸೌಟಿತ್ತು.

"ನಿಮಗೆ ಯಾರು ಹೇಳಿದ್ದು ಮಾರಾಯ್ರೆ? ಕೂತ್ಕೊಳ್ಳಿ. ಹುಡುಗಿ. ಅತ್ತದ್ದು ನನಗೆ ಕೇಳ್ತು. ವಿಮಲನೂ ಉಷಾರಿದ್ದಾಳೆ, ಹೊಲೀತಾ ಇದ್ದಾರೆ," ಅಂದರು.

ನಾನು ನೆಲದ ಮೇಲೇ ಕೂತೆ.

ಅವರು ಹೇಳಿದ್ದು ಇಷ್ಟು. ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೆ ಫೋನ್ ಬಂತು. ಊರಿನ ಮಾವ, ವಿಮಲಳನ್ನು ಕರೀರಿ ಅಂದರಂತೆ. ವಿಮಲ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಫೋನಿನಲ್ಲಿ ಹೂಂ ಹೂಂ ಎಂದಳು, ಅಷ್ಟೇ. ರಿಸೀವರ್ ಇಟ್ಟವಳು ತಿರುಗಿ ಮೇಲೆ ಹೋಗಲಿಲ್ಲ. ಈಗಲೇ ಹೋಗಬೇಕಂತೆ ಅಕ್ಕ, ನೋವಿಗೆ ಕಾಯಬಾರದಂತೆ ಅಂದಳು. ಗಿರಿಜಕ್ಕ ಉರಿಯುತ್ತಿದ್ದ ಒಲೆ ಆರಿಸಿ ಟ್ಯಾಕ್ಸಿ ಹಿಡಿದರು. ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಊಟಕ್ಕೆ ಹೊರಡುವವರಿದ್ದರು. ವಿಮಲಳನ್ನು ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡುತ್ತಿರುವಾಗಲೇ ನೀರು ಒಡೆಯಿತು. ಬಳ್ಳಿ ಜಾರಿ ಬಂತು. ನರ್ಸ್ ಒಬ್ಬಳು ಕೈ ಒಳಗೆ ಹಾಕಿ ಮಗುವನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡೇ ಮಂಚದ ಜೊತೆ ಓಡಿದಳಂತೆ.

ಡಾಕ್ಟರಮ್ಮ ಹೊರಗೆ ಬಂದು ನನ್ನನ್ನು ನೋಡಿ, "ಘರೀ ಅಸ್ತೀ ತರ್..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಮನೆಯಲ್ಲಿದ್ದಿದ್ದರೆ, ಎಂದು ಅರ್ಥ. ಉಳಿದದ್ದನ್ನು ಹೇಳಬೇಕಾಗಿರಲಿಲ್ಲ.

ಮಾವ ಹೇಗೋ ಪೇಟೆಗೆ ಬಂದು ಟ್ರಂಕ್ ಕಾಲ್ ಮಾಡಿರಬೇಕು ಅಂದುಕೊಂಡೆ. ಮನಸ್ಸಿನಲ್ಲೇ ಅವರಿಗೆ ಅಡ್ಡಬಿದ್ದೆ. ಅವರ ದನಿಯನ್ನು ಇನ್ನು ಎಂದೂ ಆಡಿಕೊಳ್ಳುವುದಿಲ್ಲ ಎಂದೂ ಅಂದುಕೊಂಡೆ. ಆ ಮಾತು ಉಳಿಸಿಕೊಳ್ಳಲಿಲ್ಲ, ಅದು ಬೇರೆ ವಿಷಯ.

ನಾಮಕರಣಕ್ಕೆ ಮಾವ ಬಂದರು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಎಂಬ ನಂಬಿಕೆ ಉಂಟಲ್ಲ, ಗಿರಿಜಕ್ಕನ ಗಂಡ ಅಂಗಿ ಮೇಲೆತ್ತಿ ಬೋರಲು ಮಲಗಿ ನನ್ನ ಮಗಳ ಪುಟ್ಟ ಪಾದವನ್ನು ಬೆನ್ನಿಗೆ ತಾಗಿಸಿಕೊಳ್ಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಮಾವನ ಕಾಲಿಗೆ ನಮಸ್ಕಾರ ಮಾಡಿ, ನಿಮ್ಮ ಫೋನ್ ಬರದಿದ್ದರೆ ಏನು ಗತಿಯಾಗುತ್ತಿತ್ತು ಅಂದೆ.

ಮಾವ ನನ್ನನ್ನೇ ನೋಡಿದರು. "ಯಾವ ಫೋನಪ್ಪಾ? ನಾನು ಆಗ ತಂಗಿಯ ವರ್ಷದ ತಿಥಿಗೆ ಅಂತ ಹೊಳೆ ದಂಡೇಲಿದ್ದೆ. ನಿನ್ನ ತಂತಿ ಸಿಕ್ಕಿದ್ದೇ ಮಗು ಹುಟ್ಟಿದ ಮೇಲೆ."

ತಂಗಿ ಎಂದರೆ ವಿಮಲಳ ತಾಯಿ. ಆಮೇಲೆ ಗಿರಿಜಕ್ಕ, ಅದು ಟ್ರಂಕ್ ಕಾಲ್ ಆಗಿರಲಿಲ್ಲ, ಟ್ರಂಕ್ ಕಾಲ್ ಆದರೆ ಉದ್ದುದ್ದ ಹೊಡ್ಕೊಳ್ತದೆ, ಇದು ಊರೊಳಗಿನ ಹಾಗೆ ಹೊಡೆದದ್ದು ಅಂದರು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನೂ ಅವರ ಜಾಗದಲ್ಲಿದ್ದರೆ ನನ್ನನ್ನೇ ನೋಡುತ್ತಿದ್ದೆ.

ಅಂದು ಜನ ಹೋದ ಮೇಲೆ ವಿಮಲಳ ಮುಂದೆ ಆಣೆ ಮಾಡಿದೆ. ಮಾಡಬೇಕೆಂದಿದ್ದೆ, ಮಾಡಲಿಲ್ಲ, ಕುಲಕರ್ಣಿಯನ್ನು ಕೇಳು ಅಂದೆ. ಅವಳು ಮಗುವಿನ ಕಿವಿಯ ಹಿಂದೆ ಎಣ್ಣೆ ಒರೆಸುತ್ತಿದ್ದಳು.

"ಕುಲಕರ್ಣಿ ಏನು, ನಿಮ್ಮ ಜೊತೆ ಇರೋ ಕಳ್ಳ ತಾನೆ. ನನಗೆ ಫೋನ್ ಎತ್ತಿದ ತಕ್ಷಣ ಗೊತ್ತಾಯ್ತು ಕಣ್ರೀ. ಮಾವ ಎಲ್ಲಿ ನಶ್ಯ ಹಾಕ್ತಾರೆ?"

"ಸೊರ್ ಅಂತ ಸದ್ದು ಬಂತಾ?"

"ಮಾತು ಮಾತಿಗೂ."

"ನಾನು ಅಂತ ಗೊತ್ತಾದ ಮೇಲೂ ಯಾಕೆ ಹೋದೆ?"

ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡು ಅಂದಳು: "ದನಿ ನಡುಗ್ತಿತ್ತು. ಇಷ್ಟು ವರ್ಷದಲ್ಲಿ ನೀವು ಹೆದರಿದ್ದು ನಾನು ನೋಡೇ ಇಲ್ಲ. ಇವರೇ ಹೆದರಿದಾರೆ ಅಂದ್ರೆ ಹೋಗ್ಲೇಬೇಕು ಅನ್ನಿಸ್ತು."

ನಾನು ಹೇಳಬೇಕೆಂದಿದ್ದದ್ದು ಶುಕ್ರವಾರ. ಆ ದನಿ ಹೇಳಿದ್ದು ಈಗಲೇ. ಈ ವ್ಯತ್ಯಾಸವನ್ನು ಅವಳ ಮುಂದಿಟ್ಟೆ. ಮಾತು ತಿರುಗಿಸುವುದು ನಿಮಗೆ ಹೊಸದಾ ಅಂದಳು. ಇವತ್ತಿಗೂ ಹಾಗೇ ಅನ್ನುತ್ತಾಳೆ. ಜೀವಮಾನವೆಲ್ಲ ನಾನು ಮಾಡಿದ ಕಿತಾಪತಿಗಳ ಆಪಾದನೆ ಇನ್ನೊಬ್ಬರ ತಲೆಗೆ ಹೋಯಿತು. ಮಾಡದ ಒಂದೇ ಒಂದರ ಪುಣ್ಯ ನನ್ನ ತಲೆಗೆ ಬಂತು. ಆ ದನಿ ಯಾರದು, ಎಲ್ಲಿಂದ ಬಂತು ಎಂದು ಯೋಚಿಸಿ ಯೋಚಿಸಿ ಸೋತಿದ್ದೇನೆ. ಬಿಲ್ಡಿಂಗಿನಲ್ಲಿ ನನ್ನಂತೆ ದನಿ ಅನುಕರಿಸುವವರು ಇನ್ನೊಬ್ಬರಿರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬವೂ ಇದೆ.

ಇಷ್ಟರಲ್ಲಿ ಒಂದು ವಿವರ ಮಾತ್ರ ನಾನು ಕಟ್ಟಿದ್ದು. ಅಂದು ಕುಲಕರ್ಣಿಗೆ ಹೇಳಿದ್ದೆ, ಆಮೇಲೆ ವಿಮಲಳಿಗೆ ಹೇಳಿದೆ, ಈಗ ಅಭ್ಯಾಸಬಲದಿಂದ ನಿಮಗೂ ಹೇಳಿದೆ. ಮ್ಯಾನೇಜರ್ ಕ್ಯಾಬಿನ್ನಿನ ಫೋನ್ ಸತ್ತಿರಲಿಲ್ಲ. ರಿಸೀವರ್ ಎತ್ತಿದರೆ ಗುಂಯ್ ಎಂದು ಚೆನ್ನಾಗಿಯೇ ಕೇಳಿಸುತ್ತಿತ್ತು. ನಂಬರ್ ತಿರುಗಿಸುವ ಮೊದಲು ಒಮ್ಮೆ ದನಿ ಸರಿಮಾಡಿಕೊಳ್ಳೋಣವೆಂದು ಬಾಯಿ ತೆರೆದೆ. ಮಾವನ ದನಿ ಬರಲಿಲ್ಲ. ನನ್ನದೂ ಬರಲಿಲ್ಲ. ಕುಲಕರ್ಣಿ ಬಾಗಿಲು ತಟ್ಟುವವರೆಗೂ ನಂಬರನ್ನೂ ತಿರುಗಿಸದೆ, ರಿಸೀವರನ್ನು ಕಿವಿಗೆ ಒತ್ತಿಕೊಂಡು, ಬಾಯಿ ತೆರೆದುಕೊಂಡು ಹಾಗೇ ಕೂತಿದ್ದೆ.